ಮರವೇರಿದ ಹೆಣ್ಣಿನ ದಾಖಲೆ

ನಾಗರಹೊಳೆಯಲ್ಲಿ ಹುಲಿವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಲು ಆರಂಭಿಸಿದ್ದು 1990ರಲ್ಲಿ. ಆ ವಿದ್ಯೆ ಎಲ್ಲಿಂದ ಬಂತೆಂದು ಬೆನ್ನು ಹತ್ತಿದರೆ ಮೊದಲು ಸಿಗುವವರು ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿದ್ದ ಮೆಲ್ ಸನ್‌ಕ್ವಿಸ್ಟ್. ಸನ್‌ಕ್ವಿಸ್ಟ್ 1970ರ ದಶಕದಲ್ಲಿ ನೇಪಾಳದ ಚಿತವನದಲ್ಲಿ ಹುಲಿಗಳನ್ನು ಅಧ್ಯಯನ ಮಾಡಿದವರು. ಆ ಯೋಜನೆಯ ಆರಂಭದಲ್ಲಿ ದುಡಿದವರಲ್ಲಿ ಜಾನ್ ಸೈಡೆನ್‌ಸ್ಟಿಕರ್ ಒಬ್ಬರು. ಚಿತವನಕ್ಕೆ ಬರುವ ಮುನ್ನ ಸೈಡೆನ್‌ಸ್ಟಿಕರ್ ಅಮೆರಿಕದ ಐಡಹೊ ರಾಜ್ಯದ ಕಾಡಿನಲ್ಲಿ ದೊಡ್ಡ ಬೆಕ್ಕುಗಳಾದ ಕೂಗರ್‌ಗಳ ಹಿಂದೆ ತಿರುಗಿದ್ದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಮಾರಿಸ್ ಹಾರ್ನಾಕರ್. ಹಾರ್ನಾಕರ್ ಅವರಿಗೆ ಕೂಗರ್ ಹಿಡಿಯಲು ಇದ್ದ ದಾರಿ ಒಂದೇ: ಬೇಟೆನಾಯಿ.

ನಮ್ಮ ಹುಲಿವಿಜ್ಞಾನದ ವಂಶಾವಳಿ ಹಿಡಿದು ಹೋದವನಿಗೆ ಕೊನೆಯಲ್ಲಿ ಸಿಕ್ಕಿದ್ದು ನಾಯಿಗಳ ಬೊಗಳುವಿಕೆ. ಅಮೆರಿಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಕೂಗರ್‌ಗಳನ್ನು ಕೊಂದವರ ನಾಯಿಗಳೂ ಅವೇ, ಉಳಿಸಿದವರ ನಾಯಿಗಳೂ ಅವೇ. ನಾಯಿ ಅಟ್ಟಿಸಿ ಮರಕ್ಕೇರಿಸಿದ ಪ್ರಾಣಿಯನ್ನು ಗುಂಡಿಟ್ಟು ಕೊಲ್ಲುವುದು ನ್ಯಾಯವೇ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಆ ಜಗಳದ ದಾಖಲೆಗಳನ್ನು ಹುಡುಕಿ ಓದುತ್ತಾ ಹೋದೆ. ಎಲ್ಲ ದಾಖಲೆಗಳಲ್ಲೂ ಒಂದು ಅಂಕಣ ಮರಳಿ ಮರಳಿ ಕಂಡಿತು: ಕೊಂದ ಪ್ರಾಣಿ ಗಂಡೋ ಹೆಣ್ಣೋ. ನಾಯಿಬೇಟೆಯ ಪರ ವಿರೋಧ ಎರಡನ್ನೂ ಅಳೆಯಬಹುದಾದ ಗಟ್ಟಿ ಅಳತೆಗೋಲು ಅದೇ ಎಂದು ನನಗೆ ಮನದಟ್ಟಾಗಿದೆ.

ಮೊದಲು ಬೇಟೆಯ ರೀತಿ ತಿಳಿದಿರಬೇಕು. ಕೂಗರ್, ಪ್ಯೂಮಾ, ಬೆಟ್ಟದ ಸಿಂಹ ಎಲ್ಲವೂ ಒಂದೇ ಪ್ರಾಣಿ. ಬೆಳೆದ ಪ್ರಾಣಿಯ ಮೈಮೇಲೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ, ಒಂದೇ ಬಣ್ಣ. ಕೆನಡಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಹರಡಿರುವ ಈ ಬೆಕ್ಕು ಮನುಷ್ಯನ ಕಣ್ಣಿಗೆ ಬೀಳುವುದು ಅಪರೂಪ. ಹಾಗಾಗಿ ಬೇಟೆಗಾರ ಹೊಸ ಹಿಮ ಬಿದ್ದ ಮರುದಿನ ಬೆಳಿಗ್ಗೆ ಹೆಜ್ಜೆ ಹುಡುಕುತ್ತಾನೆ. ಹೆಜ್ಜೆ ಸಿಕ್ಕರೆ ನಾಯಿ ಬಿಡುತ್ತಾನೆ. ವಾಕರ್, ಪ್ಲಾಟ್, ಬ್ಲೂಟಿಕ್, ರೆಡ್‌ಬೋನ್ ಎಂಬವು ವಾಸನೆ ಹಿಡಿದು ಪ್ರಾಣಿಯನ್ನು ಅಟ್ಟುವ ಬೇಟೆಗೆಂದೇ ಸಾಕಿ ಬೆಳೆಸಿದ ತಳಿಗಳು. ಎಷ್ಟೋ ಗಂಟೆ ಹಳೆಯದಾದ ವಾಸನೆಯನ್ನೂ ಹಿಡಿದು ಹೋಗುವ ಮೂಗು ಅವಕ್ಕಿದೆ. ಕೂಗರ್ ಹಾರುವುದರಲ್ಲಿ, ಮಿಂಚಿನಂತೆ ಎರಗುವುದರಲ್ಲಿ ಗಟ್ಟಿ, ಆದರೆ ದೂರದ ಓಟಕ್ಕೆ ಅದರ ದಮ್ಮು ಸಾಲದು. ನಾಯಿಗಳು ಹತ್ತಿರವಾದಂತೆ ಮರವನ್ನೋ ಬಂಡೆಯನ್ನೋ ಏರಿ ಕೂರುತ್ತದೆ. ಆಗ ನಾಯಿಗಳ ದನಿ ಬದಲಾಗುತ್ತದೆ. ಜಾಡಿನಲ್ಲಿ ಓಡುವಾಗಿನ ಉದ್ದ ಊಳು ಹೋಗಿ ಮರದ ಬುಡದಲ್ಲಿ ಒಂದೇ ಸಮನೆ ಬೊಗಳು ಶುರುವಾಗುತ್ತದೆ. ಆ ದನಿ ಹಿಡಿದು, ಈಚೆಗೆ ನಾಯಿಯ ಕೊರಳಿನ ಜಿಪಿಎಸ್ ಪಟ್ಟಿ ನೋಡಿಕೊಂಡು, ಬೇಟೆಗಾರ ಬರುತ್ತಾನೆ. ಕೊಂಬೆಯ ಮೇಲೆ ಕೂಗರ್, ಕೆಳಗೆ ಅವನು. ಅವಸರವಿಲ್ಲ, ಬೇಕಾದಷ್ಟು ಹೊತ್ತಿದೆ.

ಇಡೀ ನೈತಿಕ ವಾದ ನಿಂತಿರುವುದು ಈ ಹೊತ್ತಿನ ಮೇಲೆ. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಪ್ರಾಣಿಗೆ ಗುರಿಯಿಟ್ಟು ಹೊಡೆಯುವುದು ಬೇಟೆಯೇ ಅಲ್ಲ ಎನ್ನುತ್ತಾರೆ ವಿರೋಧಿಗಳು. ಹೊತ್ತು ಇರುವುದರಿಂದಲೇ ಗಂಡೋ ಹೆಣ್ಣೋ ನೋಡಬಹುದು, ಮರಿಯ ಹೆಜ್ಜೆಗಳಿವೆಯೇ ಎಂದು ಹಿಮದಲ್ಲಿ ಪರೀಕ್ಷಿಸಬಹುದು, ಬೇಡವೆನಿಸಿದರೆ ನಾಯಿ ಕಟ್ಟಿಕೊಂಡು ವಾಪಸು ಹೋಗಬಹುದು. ಬೇರೆ ಯಾವ ಬೇಟೆಯಲ್ಲೂ ಈ ಆಯ್ಕೆ ಇಲ್ಲ ಎನ್ನುತ್ತಾರೆ ನಾಯಿಬೇಟೆಗಾರರು. ಎರಡು ಮಾತೂ ನಿಜ. ಆದ್ದರಿಂದ ಬಾಯಿಮಾತು ಬಿಟ್ಟು ದಾಖಲೆಗೇ ಹೋಗಬೇಕಾಯಿತು.

ನಾನು ಓದಿದ ದಾಖಲೆಗಳಲ್ಲಿ ಹಳೆಯದೊಂದು 1901ರದ್ದು. ಅಮೆರಿಕದ ಉಪಾಧ್ಯಕ್ಷರಾಗಿ ಆಯ್ಕೆಯಾಗಿದ್ದ ಥಿಯೋಡರ್ ರೂಸ್ವೆಲ್ಟ್, ಅಧಿಕಾರ ವಹಿಸಿಕೊಳ್ಳುವ ಮುನ್ನ ಕೊಲೊರಾಡೊದ ಮೀಕರ್ ಸುತ್ತಲ ಬೆಟ್ಟಗಳಲ್ಲಿ ಐದು ವಾರ ಕೂಗರ್ ಬೇಟೆಯಾಡಿದರು. ದಾರಿ ತೋರಿಸಿದವರು ಜಾನ್ ಗಾಫ್; ನಾಯಿಗಳೂ ಅವರವೇ. ಒಟ್ಟು ಹದಿನಾಲ್ಕು ಕೂಗರ್ ಸತ್ತವು, ಅದರಲ್ಲಿ ಹನ್ನೆರಡು ರೂಸ್ವೆಲ್ಟ್ ಕೈಯಿಂದ. ನಾಯಿಗಳು ಹಿಡಿದು ನಿಲ್ಲಿಸಿದ ಕೆಲವನ್ನು ಅವರು ಚಾಕುವಿನಿಂದ ಇರಿದು ಕೊಂದರು. ಅದೇ ವರ್ಷ ಸ್ಕ್ರಿಬ್ನರ್ಸ್ ಪತ್ರಿಕೆಯಲ್ಲಿ ಈ ಬೇಟೆಯ ಲೇಖನ ಬಂತು. 1905ರಲ್ಲಿ ಅದು ಪುಸ್ತಕಕ್ಕೆ ಸೇರಿತು.

ಲೇಖನದ ಆರಂಭದಲ್ಲೇ ಅವರು ಕೂಗರ್ ಬಗ್ಗೆ ಹಬ್ಬಿರುವ ಕಟ್ಟುಕತೆಗಳನ್ನು ತಳ್ಳಿಹಾಕುತ್ತಾರೆ. ಕೊಂದ ಪ್ರತಿಯೊಂದನ್ನೂ ಅಳೆದು, ತೂಗಿ, ಹೊಟ್ಟೆ ಸೀಳಿ ಏನು ತಿಂದಿತ್ತೆಂದು ನೋಡುತ್ತಾರೆ. ಹೆಚ್ಚಾಗಿ ಸಿಗುವುದು ಜಿಂಕೆ. ಕೊನೆಯ ದಿನ ಸಿಕ್ಕ ದೊಡ್ಡ ಗಂಡು 227 ಪೌಂಡ್ ತೂಗಿತು. ಅದರ ತಲೆಬುರುಡೆ ದಶಕಗಟ್ಟಲೆ ಬೇಟೆಯ ದಾಖಲೆ ಪುಸ್ತಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಬುರುಡೆಗಳೆಲ್ಲ ಪ್ರಾಣಿಶಾಸ್ತ್ರಜ್ಞ ಹಾರ್ಟ್ ಮೆರಿಯಂ ಅವರ ಕೈಸೇರಿದವು. ಲಿಂಗ, ಬಣ್ಣ, ಉದ್ದ, ತೂಕಗಳ ಪಟ್ಟಿಯೂ ಅಚ್ಚಾಗಿದೆ. ಅಷ್ಟು ಶ್ರದ್ಧೆಯ ಪಟ್ಟಿಯಲ್ಲಿ ಹೆಣ್ಣುಗಳ ಮುಂದೆ ಇಲ್ಲದ ಅಂಕಣ ಒಂದಿದೆ: ಮರಿಗಳಿದ್ದವೇ? ಸತ್ತ ತಾಯಿಯ ಹಾದಿ ಕಾಯುತ್ತಾ ಯಾವ ಬಂಡೆಯ ಸಂದಿನಲ್ಲಿ ಎಷ್ಟು ಮರಿಗಳು ಉಳಿದವು ಎಂಬ ಪ್ರಶ್ನೆ ಆ ಕಾಲದ ಅತ್ಯಂತ ಕುತೂಹಲಿ ಬೇಟೆಗಾರನ ಪಟ್ಟಿಯಲ್ಲೂ ಹುಟ್ಟಲಿಲ್ಲ.

ಏಕೆ ಹುಟ್ಟಲಿಲ್ಲ ಎಂಬುದಕ್ಕೆ ಉತ್ತರ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಹಳೆಯ ನಿಯಮಾವಳಿಯಲ್ಲಿ ಸಿಕ್ಕಿತು. 1887ರಲ್ಲಿ ರೂಸ್ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನೆಲ್ ಮುಂದಾಗಿ ಕಟ್ಟಿದ ಕ್ಲಬ್ ಅದು. ಬೇಟೆಗೂ ಧರ್ಮವಿದೆ, ಪ್ರಾಣಿಗೆ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶವಿರಬೇಕು ಎಂದು ಅಲ್ಲಿ ಬರೆದಿಟ್ಟವರು ಅವರು. ಕೂಗರ್ ಅನ್ನು ಬೋನಿಗೆ ಬೀಳಿಸಿ ಕೊಲ್ಲುವಂತಿಲ್ಲ. ಈಜುತ್ತಿರುವ ಪ್ರಾಣಿಯನ್ನು ದೋಣಿಯಿಂದ ಹೊಡೆಯುವಂತಿಲ್ಲ. ಜಿಂಕೆಯನ್ನು ನಾಯಿ ಬಿಟ್ಟು ಓಡಿಸಿ ಹೊಡೆಯುವುದು ಧರ್ಮವಲ್ಲ. ಮೆಲುಕು ಹಾಕುವ ಪ್ರಾಣಿಗಳಲ್ಲಿ, ಕೆಲವು ಹೊರತು, ಹೆಣ್ಣನ್ನೂ ಮರಿಯನ್ನೂ ಕೊಲ್ಲುವುದು ಧರ್ಮವಲ್ಲ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಕೂಗರ್ ವಿಷಯಕ್ಕೆ ಬಂದಾಗ ನಾಯಿಯನ್ನು ಬೇಡವೆನ್ನಲಿಲ್ಲ, ಹೆಣ್ಣನ್ನು ಬಿಡಿ ಎನ್ನಲಿಲ್ಲ. ಜಿಂಕೆಯ ತಾಯಿಗಿದ್ದ ರಕ್ಷಣೆ ಜಿಂಕೆ ತಿನ್ನುವವಳ ತಾಯ್ತನಕ್ಕೆ ಸಿಗಲಿಲ್ಲ. ಕೂಗರ್ ಅವರ ಲೆಕ್ಕದಲ್ಲಿ ಪೀಡೆ. ಪೀಡೆಗೆ ಬೇಟೆಯ ಧರ್ಮ ಪೂರ್ತಿಯಾಗಿ ಅನ್ವಯಿಸುವುದಿಲ್ಲ.

ಪೀಡೆ ಎಂಬ ಭಾವನೆಗೆ ಸರಕಾರಗಳು ಬೆಲೆ ಕಟ್ಟಿದವು. ಕ್ಯಾಲಿಫೋರ್ನಿಯ 1907ರಲ್ಲಿ ಕೂಗರ್ ತಲೆಗಿಷ್ಟು ಎಂದು ಇನಾಮು ಕೊಡತೊಡಗಿ 1963ರವರೆಗೆ ಕೊಟ್ಟಿತು. ಆ ಅವಧಿಯಲ್ಲಿ ಇನಾಮು ಪಡೆದ ಕೂಗರ್‌ಗಳ ಸಂಖ್ಯೆ 12,462. ‘ಕ್ಯಾಲಿಫೋರ್ನಿಯ ಫಿಶ್ ಅಂಡ್ ಗೇಮ್’ ಎಂಬ ಸರಕಾರಿ ತ್ರೈಮಾಸಿಕದ ಹಳೆಯ ಸಂಚಿಕೆಗಳಲ್ಲಿ ಜೇ ಬ್ರೂಸ್ ಎಂಬವರ ಬರಹಗಳಿವೆ. ಅವರು ರಾಜ್ಯವೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಕೂಗರ್ ಬೇಟೆಗಾರ. ತಮ್ಮ ನಾಯಿಗಳೊಂದಿಗೆ ಆರುನೂರಕ್ಕೂ ಹೆಚ್ಚು ಕೂಗರ್‌ಗಳನ್ನು ಕೊಂದವರು. ಇನಾಮಿನ ದರ ನೋಡುವಾಗ ನನ್ನ ಓದು ತಡೆದು ನಿಂತಿತು. ಹೆಣ್ಣಿಗೆ ಗಂಡಿಗಿಂತ ಹೆಚ್ಚು ಹಣ. ವಂಶವನ್ನೇ ನಿಲ್ಲಿಸುವುದು ಗುರಿಯಾದಾಗ ಹೆಣ್ಣಿನ ಚರ್ಮ ದುಬಾರಿಯಾಗುತ್ತದೆ. ಇವತ್ತು ಹೆಣ್ಣನ್ನು ಉಳಿಸುವುದೇ ಸಂರಕ್ಷಣೆ ಎಂದು ಹೇಳುವ ಇಲಾಖೆಗಳ ಹಿಂದಿನವರು ಅವಳ ಮೇಲೆ ಹೆಚ್ಚಿನ ಬಹುಮಾನ ಇಟ್ಟಿದ್ದರು.

ಈ ಲೆಕ್ಕವನ್ನು ತಿರುಗಿಸಿದವರು ಹಾರ್ನಾಕರ್. ಮೊದಲು ಮೊಂಟಾನಾದಲ್ಲಿ ಕೂಗರ್‌ಗಳನ್ನು ಹಿಡಿದು ಗುರುತು ಹಾಕಿ ಬಿಟ್ಟರು. ಗುರುತು ಹಾಕಿದವು ಬೇಟೆಗಾರರ ಗುಂಡಿಗೆ ಸಿಕ್ಕವು. ಆಗ ಅವರು ಐಡಹೊದ ಬಿಗ್ ಕ್ರೀಕ್ ಕಣಿವೆಗೆ, ರಸ್ತೆಯೇ ಇಲ್ಲದ ಕಾಡಿಗೆ ಹೋದರು. ಅಲ್ಲಿ ಅವರಿಗೆ ಸಿಕ್ಕವರು ವಿಲ್ಬರ್ ವೈಲ್ಸ್, ಆ ಕಾಡಿನಲ್ಲೇ ಬದುಕಿದ್ದ, ಕೂಗರ್ ಬೇಟೆಯಲ್ಲಿ ಪಳಗಿದ್ದ ನಾಯಿಬೇಟೆಗಾರ. 1964ರಿಂದ ಚಳಿಗಾಲದ ನಂತರ ಚಳಿಗಾಲ ಇಬ್ಬರೂ ಬೆನ್ನ ಮೇಲೆ ಗಂಟು ಹೊತ್ತು ಹಿಮದಲ್ಲಿ ನಡೆದರು. ಬೇಟೆಯ ವಿಧಾನ ರೂಸ್ವೆಲ್ಟ್ ಕಾಲದ್ದೇ. ಮರದ ಕೆಳಗೆ ಬಂದ ಮೇಲೆ ಮಾತ್ರ ದಾರಿ ಬೇರೆಯಾಯಿತು: ಅರಿವಳಿಕೆ ಮದ್ದಿನ ಬಾಣ, ಮರ ಹತ್ತಿ ಹಗ್ಗ ಕಟ್ಟಿ ಇಳಿಸುವುದು, ತೂಕ, ಹಲ್ಲು, ಕಿವಿಗೆ ಗುರುತು, ಮತ್ತೆ ಬಿಡುಗಡೆ.

1970ರಲ್ಲಿ ಪ್ರಕಟವಾದ ಅವರ ಪ್ರಬಂಧ, 1973ರಲ್ಲಿ ಸೈಡೆನ್‌ಸ್ಟಿಕರ್ ಮುಂದಾಗಿ ಬರೆದ ಇನ್ನೊಂದು, ಎರಡನ್ನೂ ಜೊತೆಗಿಟ್ಟು ಓದಬೇಕು. ಕೂಗರ್‌ಗಳು ಎಣಿಕೆಯಿಲ್ಲದೆ ಹೆಚ್ಚುವುದಿಲ್ಲ. ಒಂದಕ್ಕೊಂದು ಎದುರಾಗದಂತೆ ದೂರ ಕಾಯ್ದುಕೊಳ್ಳುತ್ತವೆ. ಅವುಗಳ ಸಂಖ್ಯೆ ಅಷ್ಟಕ್ಕಷ್ಟೇ ಇದ್ದಾಗ ಆ ಕಣಿವೆಯ ಜಿಂಕೆ, ಎಲ್ಕ್‌ಗಳು ಹೆಚ್ಚುತ್ತಲೇ ಇದ್ದವು. ಇನಾಮು ಕೊಡಲು ಆಧಾರವಾಗಿದ್ದ ವಾದ ಅಲ್ಲಿ ಕುಸಿಯಿತು. ನೆಲೆಗೆ ಅಂಟಿಕೊಂಡು ಕೂರುವವರು ಹೆಣ್ಣುಗಳು. ಅವರ ನೆಲೆಗಳು ಒಂದರ ಮೇಲೊಂದು ಹಾಯುತ್ತವೆ, ಗಂಡು ದೊಡ್ಡ ನೆಲೆಯಲ್ಲಿ ಸುತ್ತುತ್ತದೆ. ತಾಯಿ ಮರಿಗಳನ್ನು ವರ್ಷ, ಒಂದೂವರೆ ವರ್ಷ ಸಾಕುತ್ತಾಳೆ. ಯಾವ ತಿಂಗಳಲ್ಲಿ ಬೇಕಾದರೂ ಮರಿಯಾಗಬಹುದು. ಅಂದರೆ ಚಳಿಗಾಲದ ಬೇಟೆ ಋತುವಿನಲ್ಲೂ ಮರವೇರಿದ ಹೆಣ್ಣಿಗೆ ಎಲ್ಲೋ ಮರಿಗಳಿರಬಹುದು. ಅವು ಮರದ ಕೆಳಗೆ ಕಾಣದಿರಬಹುದು, ಏಕೆಂದರೆ ತಾಯಿ ಮರಿಗಳನ್ನು ಬಚ್ಚಿಟ್ಟು ಬೇಟೆಗೆ ಹೋಗುತ್ತಾಳೆ. ಮರಿಯಿದ್ದ ಹೆಣ್ಣನ್ನು ಕೊಲ್ಲುವುದಿಲ್ಲ ಎಂದು ಹೇಳುವ ಬೇಟೆಗಾರನ ಮಾತು ಪ್ರಾಮಾಣಿಕವೇ ಆಗಿರಬಹುದು. ಆದರೆ ಅವನ ಕಣ್ಣಿಗೆ ಕಾಣುವುದಕ್ಕೆ ಮಿತಿಯಿದೆ.

1960ರ ದಶಕದಿಂದ ಒಂದೊಂದೇ ರಾಜ್ಯ ಇನಾಮು ನಿಲ್ಲಿಸಿತು. ಕೊಲೊರಾಡೊ 1965ರಲ್ಲಿ ಕೂಗರ್ ಅನ್ನು ಪೀಡೆಯ ಪಟ್ಟಿಯಿಂದ ತೆಗೆದು ಪರವಾನಗಿ ಬೇಕಾದ ಬೇಟೆಪ್ರಾಣಿಯನ್ನಾಗಿ ಮಾಡಿತು. ಕ್ಯಾಲಿಫೋರ್ನಿಯ 1972ರಿಂದ ಮೋಜಿನ ಬೇಟೆಗೆ ತಡೆ ಹಾಕಿತು; ಭಾರತ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಂದದ್ದೂ ಅದೇ ವರ್ಷ. 1990ರಲ್ಲಿ ಕ್ಯಾಲಿಫೋರ್ನಿಯದ ಮತದಾರರೇ ಪ್ರಸ್ತಾವ 117ನ್ನು ಗೆಲ್ಲಿಸಿ ತಡೆಯನ್ನು ಶಾಶ್ವತ ಮಾಡಿದರು, ವರ್ಷಕ್ಕೆ 3 ಕೋಟಿ ಡಾಲರನ್ನು ಮೂವತ್ತು ವರ್ಷ ಕಾಡಿನ ನೆಲೆಗಳಿಗೆ ಮೀಸಲಿಟ್ಟರು. 1994ರಲ್ಲಿ ಆ ರಾಜ್ಯದಲ್ಲಿ ಇಬ್ಬರು ಮಹಿಳೆಯರು ಕೂಗರ್ ದಾಳಿಗೆ ಬಲಿಯಾದರು. ಭಯ ಹಬ್ಬಿತು. ರಕ್ಷಣೆ ತೆಗೆಯಬೇಕೆಂಬ ಪ್ರಸ್ತಾವ 1996ರಲ್ಲಿ ಮತಕ್ಕೆ ಬಂತು, ಸೋತಿತು.

ಆರಿಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳು ಹಿಡಿದ ದಾರಿ ಬೇರೆ. ಅವು ಬೇಟೆಯನ್ನು ನಿಲ್ಲಿಸಲಿಲ್ಲ, ನಾಯಿಯನ್ನು ನಿಲ್ಲಿಸಿದವು. ಆರಿಗಾನಿನಲ್ಲಿ 1994ರ 18ನೇ ಪ್ರಸ್ತಾವ, ವಾಷಿಂಗ್ಟನ್ನಿನಲ್ಲಿ 1996ರ 655ನೇ ಪ್ರಸ್ತಾವ. ಎರಡನೆಯದಕ್ಕೆ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತ ಬಿತ್ತು. ಈ ರಾಜ್ಯಗಳು ಮತದಾರರಿಗೆ ಪರ ವಿರೋಧ ವಾದಗಳ ಕೈಪಿಡಿ ಅಚ್ಚು ಹಾಕಿ ಹಂಚುತ್ತವೆ. ಸಾಮಾನ್ಯ ಜನ ತಮ್ಮ ಮತ ಹಾಕುವ ಮುನ್ನ ಓದಿದ್ದನ್ನೇ ನಾನೂ ಓದುವುದು ಸಾಧ್ಯವಾಯಿತು. ನಿಷೇಧದ ಪರದವರು ಮರದ ಮೇಲಿನ ನಿಸ್ಸಹಾಯಕ ಪ್ರಾಣಿಯ ಬಗ್ಗೆ, ಅನಾಥ ಮರಿಗಳ ಬಗ್ಗೆ ಹೇಳಿದರು. ವಿರೋಧದವರು ವಿಜ್ಞಾನವನ್ನು ತಜ್ಞರಿಗೆ ಬಿಡಿ, ಹಳ್ಳಿಯವರ ಬದುಕನ್ನು ಪಟ್ಟಣದವರು ತೀರ್ಮಾನಿಸಬಾರದು ಎಂದರು. ಹೆಣ್ಣು ಪ್ಯೂಮಾಗಳ ಪಾಲಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಎರಡೂ ಕಡೆಯವರು ಸರಿಯಾಗಿ ಬಿಡಿಸಿ ಹೇಳಲಿಲ್ಲ.

ಆದದ್ದು ಇಷ್ಟು. ನಾಯಿ ಹೋದ ಮೇಲೆ ಕೂಗರ್ ಸಿಗುವುದು ಕಷ್ಟವಾಯಿತು, ಮೊದಲ ವರ್ಷ ಸತ್ತ ಕೂಗರ್‌ಗಳ ಸಂಖ್ಯೆ ಕುಸಿಯಿತು. ಸಂಖ್ಯೆಯನ್ನು ಮೇಲೆತ್ತಲು ಇಲಾಖೆಗಳು ಪರವಾನಗಿ ಅಗ್ಗ ಮಾಡಿದವು, ಋತು ಉದ್ದ ಮಾಡಿದವು. ವಾಷಿಂಗ್ಟನ್ನಿನಲ್ಲಿ 24 ಡಾಲರಿದ್ದ ಚೀಟಿ 5 ಡಾಲರಿಗೆ ಇಳಿಯಿತು. ಕೆಲವು ವಾರಗಳ ಋತು ಏಳು ತಿಂಗಳು ದಾಟಿತು. ನೂರಾರು ಲೆಕ್ಕದಲ್ಲಿದ್ದ ಚೀಟಿಗಳು ಹತ್ತಾರು ಸಾವಿರಕ್ಕೇರಿದವು. ಜಿಂಕೆ ಬೇಟೆಗೆ ಹೋದವನ ಕಿಸೆಯಲ್ಲೂ ಕೂಗರ್ ಚೀಟಿ ಇರುವಂತಾಯಿತು. ಎದುರು ಸಿಕ್ಕರೆ ಕ್ಷಣದಲ್ಲಿ ಗುಂಡು. ಗಂಡೋ ಹೆಣ್ಣೋ ನೋಡಲು ಹೊತ್ತಿಲ್ಲ. ವಾಷಿಂಗ್ಟನ್ನಿನಲ್ಲಿ ಸತ್ತವುಗಳಲ್ಲಿ ಹೆಣ್ಣಿನ ಪಾಲು ಹೆಚ್ಚಿತು, ಅರ್ಧವನ್ನೂ ದಾಟಿತು. ಆರಿಗಾನಿನಲ್ಲಿ ಸಾಯುವ ಕೂಗರ್‌ಗಳ ಒಟ್ಟು ಸಂಖ್ಯೆ ನಿಷೇಧಕ್ಕೆ ಹಿಂದಿನ ಮಟ್ಟವನ್ನು ಕೆಲವೇ ವರ್ಷಗಳಲ್ಲಿ ಮೀರಿತು. ಕರುಣೆಯಿಂದ ಬರೆದ ಕಾನೂನು ಅಂಕಿಗಳಲ್ಲಿ ಕರುಣೆಯಾಗಿ ಉಳಿಯಲಿಲ್ಲ. ಈ ಪುಟಗಳನ್ನು ಓದುವಾಗ ನನಗಾದ ನೋವು ದೊಡ್ಡದು, ಏಕೆಂದರೆ ಆ ಮತದಾರರ ಮನಸ್ಸು ನನ್ನ ಮನಸ್ಸೇ ಆಗಿತ್ತು.

ಹಾಗಾದರೆ ನಾಯಿಬೇಟೆಗಾರರು ಗೆದ್ದರೇ? ಅವರ ವಾದವನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕು. ಗಂಡಿನ ಬಾಲದ ಬುಡದ ಕೆಳಗೆ ನಾಲ್ಕೈದು ಇಂಚು ದೂರದಲ್ಲಿ ಕಪ್ಪು ಕೂದಲಿನ ಚುಕ್ಕೆಯಿರುತ್ತದೆ, ಹೆಣ್ಣಿಗಿಲ್ಲ. ಅದನ್ನು ಗುರುತಿಸಲು ಕೊಲೊರಾಡೊದಲ್ಲಿ ಪರವಾನಗಿಗೆ ಮುನ್ನ ಪರೀಕ್ಷೆಯೇ ಇದೆ. ಆಯ್ಕೆ ಸಾಧ್ಯ ಎಂಬುದು ಖಚಿತ. ಆದರೆ ನಾಯಿ ಬಿಡುವ ರಾಜ್ಯಗಳಲ್ಲೂ ಹೆಣ್ಣುಗಳು ಸಾಯುತ್ತಲೇ ಇವೆ. ನೋಡಲು ಹೊತ್ತು ಸಿಕ್ಕವರೆಲ್ಲ ಬಿಟ್ಟು ಹೋಗುವುದಿಲ್ಲ. ದೊಡ್ಡ ಗಂಡನ್ನೇ ಆರಿಸಿ ಕೊಂದರೂ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ವಿಲ್ಗಸ್ ಮತ್ತು ಅವರ ತಂಡದವರು ವರ್ಷಗಟ್ಟಲೆ ಕಾಲರ್ ಹಾಕಿ ನೋಡಿದರು. ಬೇಟೆಯಲ್ಲಿ ಹಿರಿಯ ಗಂಡು ಸತ್ತ ನೆಲೆಗೆ ಹೊರಗಿನ ಎಳೆಯ ಗಂಡುಗಳು ನುಗ್ಗುತ್ತವೆ. ಹೊಸ ಗಂಡು ಹಳೆಯ ಗಂಡಿನ ಮರಿಗಳನ್ನು ಕೊಲ್ಲುತ್ತದೆ. ಬೇಟೆ ಹೆಚ್ಚಿದ ಕಡೆ ಮುಂದಿನ ವರ್ಷ ಕೂಗರ್ ಬಗೆಗಿನ ದೂರುಗಳೂ ಸಾಕುಪ್ರಾಣಿಗಳ ನಷ್ಟವೂ ಹೆಚ್ಚಿದ್ದನ್ನು ಅವರ ತಂಡ 2013ರ ಪ್ರಬಂಧದಲ್ಲಿ ತೋರಿಸಿತು. ಆ ಸಂಶೋಧನೆಯನ್ನು ಆಧರಿಸಿ ವಾಷಿಂಗ್ಟನ್ ರಾಜ್ಯ ಪ್ರತಿ ವಲಯದಲ್ಲಿ ಕೊಲ್ಲಬಹುದಾದ ಪಾಲನ್ನು ನೂರಕ್ಕೆ 12ರಿಂದ 16ರ ಮಿತಿಯಲ್ಲಿ ಇಟ್ಟಿತು. ಕೊಲ್ಲದೆ ಬಿಟ್ಟರೂ ಓಟದ ದಣಿವು ಸಣ್ಣದಲ್ಲ: ಕ್ಯಾಲಿಫೋರ್ನಿಯದ ಸಾಂಟಾಕ್ರೂಜ್ ಬೆಟ್ಟಗಳಲ್ಲಿ ವಿಜ್ಞಾನಿಗಳು ಕಾಲರ್‌ಗಳಿಂದ ಅಳೆದಾಗ, ನಾಯಿಗಳಿಂದ ಓಡುವ ಪ್ಯೂಮಾ ತಾನು ಬೇಟೆಯಾಡುವಾಗಿನದಕ್ಕಿಂತ ಹಲವು ಪಟ್ಟು ಶಕ್ತಿ ಸುಡುತ್ತದೆ ಎಂದು ಕಂಡಿತು.

ನಾಯಿಯನ್ನೇ ದೂರುವವರು ಫ್ಲಾರಿಡಾದ ಕಡತವನ್ನು ಓದಲೇಬೇಕು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಉಳಿದ ಏಕೈಕ ಪ್ಯೂಮಾ ಸಂತತಿ ಅಲ್ಲಿನದು. ಅದು ಇದೆಯೋ ಅಳಿದಿದೆಯೋ ಎಂದು 1970ರ ದಶಕದಲ್ಲಿ ಹುಡುಕಲು ಹೋದವರು ಟೆಕ್ಸಾಸಿನ ಬೇಟೆಗಾರ ರಾಯ್ ಮೆಕ್‌ಬ್ರೈಡ್ ಮತ್ತು ಅವರ ನಾಯಿಗಳು. ಇದೆ ಎಂದು ತೋರಿಸಿದರು. ಉಳಿದದ್ದು ಇಪ್ಪತ್ತು ಮೂವತ್ತು ಮಾತ್ರ. ಒಳಸಂತಾನದಿಂದ ಹೃದಯದ ದೋಷ, ಬಾಲದಲ್ಲಿ ಡೊಂಕು. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಅಲ್ಲಿ ಬಿಟ್ಟರು. ಐದು ಹೆಣ್ಣುಗಳು ಮರಿ ಹಾಕಿದವು. ಇಂದು ಅಲ್ಲಿ ನೂರಿಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಪ್ಯೂಮಾಗಳಿವೆ. ಒಂದು ಕಾಲದಲ್ಲಿ ಕ್ಯಾಲಿಫೋರ್ನಿಯ ಹೆಚ್ಚು ಹಣ ಕೊಟ್ಟು ಕೊಲ್ಲಿಸಿದ್ದು ಹೆಣ್ಣನ್ನು. ಫ್ಲಾರಿಡಾ ಒಂದು ಸಂತತಿಯನ್ನು ಮರಳಿ ಪಡೆದದ್ದೂ ಹೆಣ್ಣಿನಿಂದ.

ವಿವಾದ ಇನ್ನೂ ಬಿಸಿಯಾಗಿದೆ. ಯೂಟಾ 2023ರಲ್ಲಿ ಸಾಮಾನ್ಯ ಬೇಟೆ ಪರವಾನಗಿ ಇದ್ದವರಿಗೆ ವರ್ಷಪೂರ್ತಿ ಕೂಗರ್ ಕೊಲ್ಲಲು ದಾರಿ ತೆರೆಯಿತು, ಬೋನಿಗೂ ಒಪ್ಪಿಗೆ ಕೊಟ್ಟಿತು. ರೂಸ್ವೆಲ್ಟರ ಕ್ಲಬ್ ಬೇಡವೆಂದಿದ್ದ ಬೋನು ಅದು. ಕೊಲೊರಾಡೊದಲ್ಲಿ ವರ್ಷಕ್ಕೆ ಸುಮಾರು ಐನೂರು ಕೂಗರ್ ಬೇಟೆಗೆ ಬಲಿಯಾಗುತ್ತವೆ, ಬಹುಪಾಲು ನಾಯಿಗಳಿಂದ. ಅಲ್ಲಿ 2024ರ ನವೆಂಬರಿನಲ್ಲಿ ಕೂಗರ್ ಬೇಟೆಯನ್ನೇ ನಿಲ್ಲಿಸುವ 127ನೇ ಪ್ರಸ್ತಾವ ಮತಕ್ಕೆ ಬಂದು ಸೋತಿತು.

ಈ ದಾಖಲೆಗಳನ್ನೆಲ್ಲ ಓದಿದ ಮೇಲೆ ನನ್ನ ನಿಲುವು ಸ್ಪಷ್ಟ. ತಿನ್ನುವುದಕ್ಕಲ್ಲದೆ, ಕಾಯುವುದಕ್ಕಲ್ಲದೆ, ಗೋಡೆಗೆ ತೂಗುಹಾಕುವ ತಲೆಗಾಗಿ ಮರವೇರಿದ ಪ್ರಾಣಿಯನ್ನು ಕೊಲ್ಲುವುದು ತಪ್ಪು. ಹಾರ್ನಾಕರ್ ಮತ್ತು ವೈಲ್ಸ್ ಅದೇ ಮರದ ಕೆಳಗೆ ನಿಂತು ಬೇರೆ ದಾರಿ ತೋರಿಸಿದ ಮೇಲೆ ಆ ಕೊಲೆಗೆ ಅರಿವಿಲ್ಲದ ನೆಪವೂ ಉಳಿದಿಲ್ಲ. ಆದರೆ ನಾಯಿಯನ್ನು ಮಾತ್ರ ನಿಷೇಧಿಸಿ, ಐದು ಡಾಲರಿಗೆ ಚೀಟಿ ಮಾರಿ, ಹೆಣ್ಣುಗಳ ಎಣಿಕೆಯ ಕಡೆ ನೋಡದೆ ಕೂರುವುದು ಅದಕ್ಕಿಂತ ಹೆಚ್ಚಿನ ನ್ಯಾಯವಲ್ಲ. ಕಾನೂನು ಬರೆಯುವವರು ಬೇಟೆ ನಿಲ್ಲಿಸುವುದಿದ್ದರೆ ಕ್ಯಾಲಿಫೋರ್ನಿಯದಂತೆ ಬೇಟೆಯನ್ನೇ ನಿಲ್ಲಿಸಿ ನೆಲೆಗಳಿಗೆ ಹಣ ಇಡಲಿ. ಇಟ್ಟುಕೊಳ್ಳುವುದಿದ್ದರೆ ಹೆಣ್ಣುಗಳ ಸಾವಿಗೆ ಬಿಗಿಯಾದ ಮಿತಿ ಹಾಕಿ, ಮಿತಿ ಮುಟ್ಟಿದ ದಿನವೇ ಆ ವಲಯದ ಋತು ಮುಚ್ಚಲಿ. ಇಲಾಖೆಗಳ ವಾರ್ಷಿಕ ವರದಿಯಲ್ಲಿ ಎಷ್ಟು ಕೂಗರ್ ಸತ್ತವು ಎಂಬುದರ ಪಕ್ಕದಲ್ಲೇ ಎಷ್ಟು ಹೆಣ್ಣು, ಅವುಗಳಲ್ಲಿ ಎಷ್ಟಕ್ಕೆ ಮೊಲೆಹಾಲಿತ್ತು ಎಂಬ ಅಂಕಣಗಳೂ ಇರಲಿ. ಸತ್ತ ಪ್ರಾಣಿಯನ್ನು ತಂದು ತೋರಿಸಬೇಕೆಂಬ ನಿಯಮವಿರುವ ಕಡೆ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಮತದಾರನೂ ಬೇಟೆಗಾರನೂ ಆ ಅಂಕಣವನ್ನು ಓದಿ ಮಾತಾಡಲಿ. ಆಗ ಈ ಜಗಳಕ್ಕೆ ಎರಡೂ ಕಡೆಯವರು ಒಪ್ಪಲೇಬೇಕಾದ ಒಂದು ಸಾಕ್ಷಿಯಾದರೂ ಇರುತ್ತದೆ.